ಸುಡದ ಮಣ್ಣಿನ ರಾಣಿ

ಆ ಮಣ್ಣಿನ ರಾಣಿಯ ಮುಖ ಅಳಿಸಿದವನು ನಾನು, ಹಮೀದಾಕ ಅಲ್ಲ.

ಹನ್ನೆರಡು ವರ್ಷ ಈ ವಾಕ್ಯವನ್ನು ಡೈರಿಯಲ್ಲೂ ಬರೆಯಲಿಲ್ಲ. ಆ ದಿನದ ಪುಟದಲ್ಲಿ ‘ಧೂಳು, ತಲೆನೋವು’ ಎಂದಷ್ಟೇ ಇದೆ. ಉಳಿದದ್ದನ್ನು ನೆನಪಿನಿಂದ ಬರೆಯಬೇಕು — ಆದರೆ ನನ್ನ ನೆನಪು ನನ್ನ ಪರವೇ ಮಾತಾಡುತ್ತದೆಂದು ನನಗೆ ಗೊತ್ತು.

ಕೊಲ್ಲಿ ದೇಶದಲ್ಲಿ, ಅಹ್ಮದಿ ಎಂಬ ಊರಿನ ನಮ್ಮ ಆಫೀಸಿನಲ್ಲಿ, ಚೀನಾದ ಇಂಜಿನಿಯರ್ ಲಿ ಅವರ ಮೇಜಿನ ಮೇಲೆ ಗೇಣುದ್ದದ ಎರಡು ಮಣ್ಣಿನ ಗೊಂಬೆಗಳಿದ್ದವು — ಪೀಕಿಂಗ್ ಒಪೆರಾದ ಹಳೆಯ ಕಥೆಯೊಂದರ ರಾಜ ಮತ್ತು ರಾಣಿ. ಅವರ ತಂದೆ ಕೈಯಾರೆ ತಿದ್ದಿ ಬಣ್ಣ ಹಚ್ಚಿದ್ದು. ಕಥೆಯಲ್ಲಿ ವೈರಿಗಳು ರಾಜನ ಪಾಳೆಯವನ್ನು ಸುತ್ತುವರಿದು, ನಾಲ್ಕೂ ದಿಕ್ಕಿನಿಂದ ಅವನದೇ ನಾಡಿನ ಹಾಡು ಹಾಡುತ್ತಾರೆ. ಊರಿನ ಹಾಡು ಕೇಳಿ ಸೈನಿಕರ ಎದೆ ಕುಸಿಯುತ್ತದೆ. ಸೋತು ಕುಳಿತ ರಾಜನಿಗಾಗಿ ರಾಣಿ ಕತ್ತಿ ಹಿಡಿದು ಕುಣಿಯುತ್ತಾಳೆ. ಕುಣಿತ ಮುಗಿದಾಗ, ಅವನಿಗೆ ಹೊರೆಯಾಗಬಾರದೆಂದು, ಅದೇ ಕತ್ತಿಗೆ ಕೊರಳು ಕೊಡುತ್ತಾಳೆ. ಲಿ ಅವರ ತಂದೆ ಹಿಡಿದದ್ದು ಅದಕ್ಕೆ ತುಸು ಮೊದಲಿನ ಗಳಿಗೆ. ರಾಜನ ಕಡೆಯಿಂದ ನೋಡಿದರೆ ರಾಣಿ ನಗುತ್ತಿದ್ದಳು. ಪಕ್ಕಕ್ಕೆ ಸರಿದು ನೋಡಿದರೆ ಆ ನಗು ಇರುತ್ತಿರಲಿಲ್ಲ. ಹೆಬ್ಬೆರಳಿನಷ್ಟು ಮುಖದಲ್ಲಿ ಇವೆರಡನ್ನೂ ಇಟ್ಟ ಆ ಕೈ ಎಂಥದ್ದಿರಬೇಕು!

ಚಹಾ ಮಾಡಿ ಮೇಜು ಒರೆಸುತ್ತಿದ್ದ ಉಳ್ಳಾಲದ ಹಮೀದಾಕನಿಗೂ ಆ ಗೊಂಬೆಗಳೆಂದರೆ ಪ್ರಾಣ. “ನಮ್ಮ ಯಕ್ಷಗಾನ ಆಟದ ವೇಷದ ಹಾಗೇ ಉಂಟಲ್ಲ ಪೊರ್ಬುಗಳೇ! ಊರಿನ ಪದ್ಯ ಹಾಕಿದ್ರೆ ನಾವೂ ಕತ್ತಿ ಬಿಸಾಡಿ ಏರ್‌ಪೋರ್ಟಿಗೆ ಓಡುವವರೇ,” ಎಂದು ನನ್ನನ್ನು ನಗಿಸುತ್ತಿದ್ದರು; ಊರಿನ ಕ್ರೈಸ್ತರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಉಸಿರು ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ಗೊಂಬೆಗಳ ಉಡುಪಿನ ಮಡಿಕೆ ಮಡಿಕೆಯ ಧೂಳು ತೆಗೆಯುತ್ತಿದ್ದರು.

ಲಿ ರಜೆಯಲ್ಲಿದ್ದಾಗ ದೊಡ್ಡ ಧೂಳು ಬಿರುಗಾಳಿ ಬಂತು. ಮರುದಿನ ಹಮೀದಾಕ ಬರುವ ಮೊದಲೇ ನಾನು ಬಂದಿದ್ದೆ. ರಾಣಿಯ ಮುಖ ಕಾಣುತ್ತಿರಲಿಲ್ಲ. ಮಂಗಳೂರಿನ ಹೆಂಚಿನ ಕಾರ್ಖಾನೆಯ ಪಕ್ಕದಲ್ಲಿ ಬೆಳೆದವನು ನಾನು; ಮಣ್ಣಿನ ವಸ್ತು ಎಂದರೆ ಬೆಂಕಿಯಲ್ಲಿ ಸುಟ್ಟದ್ದೇ, ನೀರಿಗೆ ಹೆದರದ್ದೇ. ಗೊಂಬೆಯನ್ನು ನಲ್ಲಿಯ ಕೆಳಗೆ ಹಿಡಿದೆ. ಮೊದಲು ಬಣ್ಣ ಹೋಯಿತು, ಆಮೇಲೆ ಕೆನ್ನೆ, ಆಮೇಲೆ ಆ ನಗು... ಒದ್ದೆ ಮಣ್ಣಿನಲ್ಲಿ ಹೆಬ್ಬೆರಳಿನ ಗುರುತೊಂದು ಕಂಡಿತು. ಲಿ ಅವರ ತಂದೆಯದೋ, ನನ್ನದೋ — ಇಂದಿಗೂ ಹೇಳಲಾರೆ.

ಗೊಂಬೆಯನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟೆ. ಲಿ ಮರಳಿದಾಗ ಮ್ಯಾನೇಜರ್ ಎಲ್ಲರನ್ನೂ ಕೇಳಿದರು. ನಾನು ಹೇಳಿದ್ದು ಇಷ್ಟೇ: “ಆ ಮೇಜು ಒರೆಸುವುದು ಹಮೀದಾಕ.”

ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಅಷ್ಟು ಚೆನ್ನಾಗಿ ಆರಿಸಿದ್ದೆ.

ಹಮೀದಾಕನನ್ನು ಮೀನಾ ಅಬ್ದುಲ್ಲಾದ ಬಯಲು ಯಾರ್ಡಿಗೆ, ಬಿಸಿಲಿಗೆ, ಹಾಕಿದರು. ಹೋಗುವಾಗ ನನ್ನ ಬಳಿ ನಿಂತರು. “ಅದು ಸುಡದ ಮಣ್ಣು ಅಂತ ಲಿ ಭಾಯಿ ನನಗೆ ಮೊದಲೇ ಹೇಳಿದ್ರು. ನಾನು ನೀರು ತಾಗಿಸುವ ಜನ ಅಲ್ಲ. ನಿಮಗೆ ಗೊತ್ತುಂಟಲ್ಲ ಪೊರ್ಬುಗಳೇ?”

ಗೊತ್ತಿತ್ತು. ನಾನು ಕಂಪ್ಯೂಟರ್ ನೋಡುತ್ತ ಕುಳಿತೆ.

ಮುಂದಿನ ವಾರ ಅವರು ಖಾಯಮ್ಮಾಗಿ ಊರಿಗೆ ಹೊರಟಿದ್ದಾರೆ. ಶುಕ್ರವಾರ ಮಹಬೂಲಾದ ಅವರ ಕೋಣೆಯಲ್ಲಿ ಬೀಳ್ಕೊಡುಗೆಯ ಊಟ. ನನ್ನನ್ನೂ ಕರೆದಿದ್ದಾರೆ — ನನ್ನನ್ನೂ. ಲಿ ಅವರಿಗೆ ನಿನ್ನೆ ಎಲ್ಲ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ, ಉತ್ತರ ಬಂದಿಲ್ಲ. ಇದನ್ನು ಕನ್ನಡದಲ್ಲಿ ಬರೆದದ್ದು ಹಮೀದಾಕನಿಗಾಗಿ. ಶುಕ್ರವಾರ ಎಲ್ಲರೂ ಕುಳಿತಿರುವಾಗ, ಊಟಕ್ಕೆ ಮೊದಲೇ, ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನನ್ನ ಮುಂದೆ ತಟ್ಟೆ ಇಡುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.