ಇಂದ್ರಾಬಾಯಿಯ ಬಿಳಿ ಹೆಲ್ಮೆಟ್

ಮಹಾದೇವಿಯೂ ಇಂದ್ರಾಬಾಯಿಯೂ ಭಾಂಡುಪ್‌ನ ಬಿಲ್ಡಿಂಗ್ ಕೆಲಸದಲ್ಲಿ ಜೊತೆಯಾಗಿ ಉಸುಕು ಹೊತ್ತವರು, ಒಂದೇ ಡಬ್ಬಿಯಲ್ಲಿ ರೊಟ್ಟಿ ಉಂಡವರು. ಇಬ್ಬರ ತಲೆಯ ಮೇಲೂ ಹಳದಿ ಹೆಲ್ಮೆಟ್ಟೇ. ದೀಪಾವಳಿ ಮುಗಿದದ್ದೇ ತಡ, ಸೂಪರ್‌ವೈಜರ್ ಇಂದ್ರಾಬಾಯಿಯನ್ನು ಹೆಂಗಸರ ಗುಂಪಿನ ಕೆಲಸ ನೋಡಿಕೊಳ್ಳುವ ಮುಕಾದಮಳನ್ನಾಗಿ ಮಾಡಿ ಬಿಳಿ ಹೆಲ್ಮೆಟ್ ಕೊಟ್ಟ. ಪಗಾರವೇನೂ ಹೇಳಿಕೊಳ್ಳುವಷ್ಟು ಏರಲಿಲ್ಲ. ಆದರೂ ಅವರಿದ್ದ ಚಾಳಿನ ನಳದ ಸಾಲಿನಲ್ಲಿ ಹೆಂಗಸರು "ಬಾ ಅಕ್ಕಾ, ಮುಂದ ಬಾ" ಎಂದು ಜಾಗ ಬಿಡತೊಡಗಿದರು. ಮಹಾದೇವಿಗೆ ಹೊಟ್ಟೆ ಉರಿಯಿತು. ಬಂಗಲೆಯವರನ್ನು ಕಂಡು ಆಕೆಗೆ ಎಂದೂ ಹಾಗಾಗಿರಲಿಲ್ಲ. ಪಕ್ಕದಲ್ಲೇ ಕೂತು ಉಣ್ಣುವವಳನ್ನು ಕಂಡು ಆಯಿತು ನೋಡಿ! ಒಂದು ದಿನ ಮೆಟ್ಟಿಲು ಹತ್ತುತ್ತಿದ್ದ ಆ ಬಿಳಿ ಹೆಲ್ಮೆಟ್ ನೋಡಿ, 'ಬೀಳಬಾರದೇನ ಇಕಿ' ಎಂದುಕೊಂಡಳು.

ಮರುದಿನ ಅದೇ ಮೆಟ್ಟಿಲಲ್ಲಿ ಇಂದ್ರಾಬಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡಳು.

ಮಹಾದೇವಿಯ ಜೀವ ಬಾಯಿಗೆ ಬಂತು. ಕನ್ನಡಿಯಲ್ಲಿ ತನ್ನ ಕಣ್ಣು ನೋಡಿಕೊಳ್ಳಲೂ ಹೆದರಿಕೆ. ಗೆಳತಿಯನ್ನು ಮಾತಾಡಿಸಲು ಹೋಗಲೇ ಇಲ್ಲ. ಕೊನೆಗೆ ಇಂದ್ರಾಬಾಯಿಯೇ ಹೇಳಿ ಕಳಿಸಿ ಕರೆಸಿಕೊಂಡಳು.

"ನಂಗ ನದರ ಹತ್ತ್ಯಾದ ಮಾದೇವಿ, ಯಾರದೋ ಕಣ್ಣ ಬಿದ್ದದ. ಉಪ್ಪು ಮೆಣಸಿನಕಾಯಿ ಅಲ್ಲೇ ಅವ, ನೀನೇ ತೆಗಿ."

ಉಪ್ಪು ಮೆಣಸಿನಕಾಯಿ ಹಿಡಿದ ಮುಷ್ಟಿಯನ್ನು ತಲೆಯಿಂದ ಕಾಲಿಗೆ ಇಳಿಸುತ್ತ ಮಹಾದೇವಿ, "ಊರವರ ಕಣ್ಣ, ಓಣಿಯವರ ಕಣ್ಣ..." ಎನ್ನುತ್ತ ಹೋದಳು. ಗೆಳತಿಯ ಕಣ್ಣು ಎನ್ನಬೇಕಾದಲ್ಲಿ ಅದೊಂದನ್ನು ನುಂಗಿಕೊಂಡಳು. ಮೆಣಸಿನಕಾಯಿ ಬೆಂಕಿಗೆ ಹಾಕಿದರೆ ಘಾಟೇ ಬರಲಿಲ್ಲ. ಘಾಟು ಬಾರದಿದ್ದರೆ ನದರು ತಗುಲಿದ್ದು ಖರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಕಣ್ಣ ಹಾಕಿದವರ ಕೈಲೇ ತೆಗಸಬೇಕಂತ ನಮ್ಮವ್ವ ಅಂತಿದ್ದಳು," ಎಂದಳು ಇಂದ್ರಾಬಾಯಿ ತಣ್ಣಗೆ. "ಅದಕ್ಕ ನಿನ್ನ ಕರಸೀನಿ."

ಮಹಾದೇವಿ ತಪ್ಪಾಯಿತೆಂದು ಕಾಲು ಹಿಡಿಯಲು ಹೋದರೆ ಕೈಗೆ ಸಿಕ್ಕಿದ್ದು ಪ್ಲಾಸ್ಟರ್. ಇಂದ್ರಾಬಾಯಿ ಗೂಟಕ್ಕೆ ತೂಗುಹಾಕಿದ್ದ ಹೆಲ್ಮೆಟ್ಟಿನತ್ತ ಕೈ ತೋರಿದಳು.

"ಒಯ್ಯಿ. ನಾಳಿಂದ ನೀನೇ ಮುಕಾದಮ ಅಂತ. ಸೂಪರ್‌ವೈಜರ್ ಸಾಹೇಬ ಫೋನ್ ಮಾಡಿದ್ದ. ತಲೀಮ್ಯಾಲ ಇಟಗೊ, ನೋಡ್ತೀನಿ."

ಮಹಾದೇವಿ ಎದ್ದು ಗೂಟದಿಂದ ಹೆಲ್ಮೆಟ್ ತೆಗೆದಳು. ಬಯಸಿದ್ದೂ ಅದನ್ನೇ ಅಲ್ಲವೆ? ತಲೆಗೆ ಇಟ್ಟುಕೊಂಡಳು. ಇಂದ್ರಾಬಾಯಿ ಹಾಸಿಗೆಯಿಂದಲೇ ಎವೆಯಿಕ್ಕದೆ ನೋಡಿದಳು. ಆ ನೋಟ ಎಂಥದೆಂದು ಮಹಾದೇವಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬೆಳಿಗ್ಗೆ ಕೆಲಸದ ಜಾಗದಲ್ಲಿ ಹೆಂಗಸರೆಲ್ಲ ಆ ಬಿಳಿ ಹೆಲ್ಮೆಟ್ಟನ್ನೇ ನೋಡುತ್ತಿದ್ದರು. ಮಹಾದೇವಿಗೆ ಮೊದಲ ಮೆಟ್ಟಿಲ ಮೇಲಿಂದ ಕಾಲು ಕೀಳಲಾಗಲಿಲ್ಲ.