ಸದಣ್ಣನ ಬಸಳೆ, ಮೌರೀನ್‌ಳ ಹೈಡ್ರೇಂಜಿಯಾ

ಸದಣ್ಣ ಬಸಳೆ ಕೊಯ್ಯಲು ಕತ್ತರಿ ಹಿಡಿದದ್ದನ್ನು ನಾನು ನೋಡಿಯೇ ಇಲ್ಲ. ಅದಕ್ಕೆಂದೇ ಬಲಗೈ ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದರು. ಔಷಧ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವಂತಾದ ಮೇಲೆ ಆ ಉಗುರಿಗೆ ಹೇಳುವವರು ಕೇಳುವವರು ಇರಲಿಲ್ಲ. ಮೀಟಿಂಗ್ ನಡುವೆ, ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ಹಿತ್ತಿಲಿಗೆ ಬಂದು, ಚಟ್ ಎಂದು ಕುಡಿ ಚಿವುಟಿ ಒಳಗೆ ಹೋಗುತ್ತಿದ್ದರು. ನಮ್ಮ ಮನೆಯನ್ನು ನಮಗೆ ತಪ್ಪಿಸಿದ್ದೂ ಅದೇ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವರ ಬಗ್ಗೆ ಒಳ್ಳೆಯದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

ಒಳ್ಳೆಯದು ಬೇಕಾದಷ್ಟಿತ್ತು. ಡಬ್ಲಿನ್ನಿನಿಂದ ದೂರ, ಇನ್ನೊಂದು ನಗರದ ಅಂಚಿನಲ್ಲಿರುವ ಬ್ಯಾಲಿನ್‌ಕೊಲಿಗ್‌ನ ಆ ಸಾಲುಮನೆಗಳಲ್ಲಿ ಕನ್ನಡದವರು ನಾವೇ ಎರಡು ಸಂಸಾರ. ನಾವು ತುಮಕೂರಿನ ಕಡೆಯವರು, ಬಾಡಿಗೆಗಿದ್ದೆವು. ಪಕ್ಕದ ಸ್ವಂತ ಮನೆಯಲ್ಲಿ ಕಾರ್ಕಳದ ಸದಣ್ಣ. ಮನೆಯಿಂದ ದೂರ ಹೋಗಬಾರದೆಂದು ಸರ್ಕಾರ ಹೇಳಿದ ಆ ವಸಂತದಲ್ಲಿ ನಮ್ಮ ಊರು, ಪೇಟೆ, ಬಂಧುಬಳಗ ಎಲ್ಲವೂ ಎರಡು ಹಿತ್ತಿಲುಗಳ ನಡುವಿನ ಗೋಡೆಗೆ ಬಂದು ನಿಂತಿತು. ನನಗೆ ಸ್ವಂತ ಅಣ್ಣನಿಲ್ಲ. ಮೊದಲ ವಾರದಲ್ಲೇ ಅವರು “ತಂಗಿ” ಎಂದು ಕರೆದಾಗ ಸುಳ್ಳೇಕೆ, ಕಣ್ಣು ತುಂಬಿತ್ತು.

ಅವರ ಬಸಳೆ ಆ ಚಳಿಯ ದೇಶದಲ್ಲಿ ಬದುಕಿದ್ದೇ ಒಂದು ಸೋಜಿಗ. ಚಳಿಗಾಲವಿಡೀ ಒಂದು ತುಂಡು ಬಳ್ಳಿ ಅಡುಗೆಮನೆಯ ಕಿಟಕಿಯಲ್ಲಿ, ಮನೆ ಕಾಯಿಸುವ ರೇಡಿಯೇಟರ್ ಮೇಲೆ ಬೆಚ್ಚಗಿರುತ್ತಿತ್ತು. ಬೇಸಿಗೆ ಬಂದರೆ ಹಿತ್ತಿಲಲ್ಲಿ ಪ್ಲಾಸ್ಟಿಕ್ ಹೊದಿಸಿದ ಪುಟ್ಟ ಚಪ್ಪರಕ್ಕೆ ಅದರ ಮೆರವಣಿಗೆ. ಅಕ್ಕಿ ತೊಳೆದ ನೀರು ಅದಕ್ಕೇ ಮೀಸಲು. ಗಾಳಿ ಜೋರಾದ ದಿನ ಸಂಜೆ ತಮ್ಮ ಹಳೆಯ ಬೆಡ್‌ಶೀಟ್ ತಂದು ಹೊದಿಸಿ, ಮೂಲೆಗೆ ಕಲ್ಲು ಇಡುತ್ತಿದ್ದರು. ಬಸಳೆಯನ್ನು ಬರೀ ಸೊಪ್ಪಾಗಿ ಕೊಟ್ಟು ಅವರಿಗೆ ಗೊತ್ತಿರಲಿಲ್ಲ. ಕೇಳಿದವರಿಗೆ ನೆಡಲು ಒಂದು ದಂಟನ್ನೂ ಒದ್ದೆ ಕಾಗದದಲ್ಲಿ ಸುತ್ತಿ ಕೊಡುವುದು ಅವರ ಮನೆಯ ರೂಢಿ. ಹಾಗೆ ನಮ್ಮ ಹಿತ್ತಿಲಿಗೂ ಬಂತು.

ಕತ್ತರಿಸಲು ನನಗೆ ಜೀವ ಬರುತ್ತಿರಲಿಲ್ಲ. ಗೋಡೆಯಾಚೆಯಿಂದ ನೋಡಿ ಗದರುತ್ತಿದ್ದರು.

“ಎಂತ ತಂಗಿ, ಮುದ್ದು ಮಾಡ್ಲಿಕ್ಕೆ ಇಟ್ಟದ್ದಾ ಅದನ್ನು? ಚಿವುಟು ಮಾರಾಯ್ತಿ! ಚಿವುಟಿದ ಹಾಗೆ ಎರಡೆರಡು ಕುಡಿ ಬರ್ತದೆ.”

ಬಂದವು. ಜುಲೈ ಹೊತ್ತಿಗೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಬಸಳೆ ಹುಳಿ. ಅವತ್ತಿನಿಂದ ಗಿಡದ ವಿಷಯದಲ್ಲಿ ಸದಣ್ಣ ಹೇಳಿದ್ದೇ ನನಗೆ ವೇದವಾಯಿತು.

ಹೂವಿನ ಗಿಡಗಳನ್ನು ಕಂಡರೆ ಮಾತ್ರ ಅವರಿಗೆ ತಾತ್ಸಾರ. ಅವರ ಮನೆಯ ಮುಂದೆ ಒಂದು ಗುಲಾಬಿಯೂ ಇರಲಿಲ್ಲ. “ಪದಾರ್ಥ ಮಾಡಿ ಉಣ್ಲಿಕ್ಕೆ ಆಗ್ತದಾ ಅದು? ಮತ್ತೆ ನೀರು ಹಾಕುದು ಯಾಕೆ?” ಎನ್ನುತ್ತಿದ್ದರು.

ನಮ್ಮ ಬಾಡಿಗೆ ಮನೆಯ ಮುಂದೆ ಒಂದು ದೊಡ್ಡ ಹೈಡ್ರೇಂಜಿಯಾ ಪೊದೆಯಿತ್ತು. ಬೇಸಿಗೆಯಲ್ಲಿ ಹೂಕೋಸಿನಷ್ಟು ದಪ್ಪದ ನೀಲಿ ಗೊಂಚಲುಗಳು. ಮನೆಯ ಒಡತಿ ಮೌರೀನ್‌ಳ ತಾಯಿ ತಮ್ಮ ಹೊಲದ ಮನೆಯಿಂದ ತಂದು ನೆಟ್ಟದ್ದಂತೆ. ಮೌರೀನ್‌ಗೆ ಎಪ್ಪತ್ತು ದಾಟಿತ್ತು. ಸೋಂಕಿನ ಭಯಕ್ಕೆ ಮಗಳ ಮನೆ ಸೇರಿ ಹೊರಗೆ ಬರುತ್ತಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ಗಿಡದ ಕ್ಷೇಮ ಕೇಳಿದ ಮೇಲೆಯೇ ನಮ್ಮದು. ಒಮ್ಮೆ ತಾನಾಗಿಯೇ ಹೇಳಿದಳು: “ಈ ಗಲಾಟೆ ಮುಗಿದ ಮೇಲೆ ಮನೆ ಮಾರುತ್ತೇನೆ. ಏಜೆಂಟರ ಹತ್ತಿರ ಹೋಗುವುದಿಲ್ಲ, ನಿಮಗೇ ಕೊಡುತ್ತೇನೆ. ಅಮ್ಮನ ಗಿಡ ನೋಡಿಕೊಳ್ಳುವವರು ಬೇಕು, ಅಷ್ಟೇ.”

ಆ ದಿನ ನಮ್ಮ ಮನೆಯಲ್ಲಿ ಹಬ್ಬ. ಮಗಳ ಶಾಲೆ ಹಿಂದಿನ ಬೀದಿಯಲ್ಲೇ ಇತ್ತು. ಬಾಡಿಗೆಗೂ ಮನೆ ಸಿಗದ ಕಾಲದಲ್ಲಿ ಸ್ವಂತದ್ದೇ ಆಗುತ್ತದೆಂದರೆ! ನಾನು ಮೊದಲು ಓಡಿದ್ದು ಗೋಡೆಯ ಹತ್ತಿರಕ್ಕೆ. ಸದಣ್ಣ ಎಲ್ಲ ಕೇಳಿ, “ಒಳ್ಳೆದಾಯ್ತು ತಂಗಿ” ಎಂದು ಎರಡು ಹಿಡಿ ಸೊಪ್ಪು ಕೊಟ್ಟರು.

ಅಕ್ಟೋಬರಿನಲ್ಲಿ ಸರ್ಕಾರ ಮತ್ತೆ ಎಲ್ಲರ ಬಾಗಿಲು ಹಾಕಿಸಿತು. ಹೈಡ್ರೇಂಜಿಯಾದ ಹೂಗಳು ಒಣಗಿ ಕಂದಾಗಿದ್ದವು. ಏನು ಮಾಡಬೇಕೆಂದು ಸದಣ್ಣನನ್ನೇ ಕೇಳಿದೆ. ಬೇಲಿಯಾಚೆ ನಿಂತು, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಪೊದೆಯನ್ನು ಮೇಲಿಂದ ಕೆಳಗೆ ನೋಡಿದರು.

“ಮೊಣಕಾಲಿನವರೆಗೆ ತೆಗಿ.”

“ಅಷ್ಟೊಂದಾ ಸದಣ್ಣ? ಏನಾದ್ರೂ ಆದ್ರೆ ಮೌರೀನ್ ನನ್ನ ಸುಮ್ನೆ ಬಿಡ್ತಾಳಾ?”

“ಬಸಳೆ ಎಂತ ಕಲಿಸಿತು ನಿಂಗೆ? ಎಲ್ಲಾ ಗಿಡವೂ ಒಂದೇ ಮಾರಾಯ್ತಿ. ಕತ್ತರಿಸಿದಷ್ಟೂ ಜೋರು.”

ಮೊಣಕಾಲಿನವರೆಗೆ ತೆಗೆದೆ. ಇಂಟರ್‌ನೆಟ್‌ನಲ್ಲಿ ಒಂದು ಸಲ ನೋಡಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಅಣ್ಣ ಹೇಳಿದ್ದನ್ನು ಯಾರಾದರೂ ಫೋನಿನಲ್ಲಿ ಪರೀಕ್ಷಿಸುತ್ತಾರೆಯೇ?

ಮುಂದಿನ ಬೇಸಿಗೆಯಲ್ಲಿ ಗಿಡ ಎದೆಯೆತ್ತರ ಬೆಳೆಯಿತು. ಎಲೆಯೋ ಎಲೆ. ಹೂವು ಮಾತ್ರ ಒಂದೂ ಇಲ್ಲ. ಬೀದಿಯ ಪ್ರತಿ ಮನೆಯ ಮುಂದೆ ನೀಲಿ, ಗುಲಾಬಿ ಗೊಂಚಲುಗಳು ತೂಗುತ್ತಿರುವಾಗ ನಮ್ಮದು ಸೊಪ್ಪಿನ ಗುಡ್ಡೆ. ಆಗ ಓದಿ ತಿಳಿದುಕೊಂಡೆ. ಬಸಳೆ ಹೊಸ ಕುಡಿಯಿಂದ ಬದುಕುವ ಗಿಡ. ಹೈಡ್ರೇಂಜಿಯಾ ಹಾಗಲ್ಲ, ಅದರ ಬರುವ ವರ್ಷದ ಮೊಗ್ಗು ಈ ವರ್ಷದ ಕಡ್ಡಿಯ ತುದಿಯಲ್ಲೇ ಕೂತಿರುತ್ತದೆ. ಒಣಗಿದ ಹೂವನ್ನೂ ಚಳಿ ಕಳೆಯುವವರೆಗೆ ಕೀಳಬಾರದು, ಅದೇ ಮೊಗ್ಗಿಗೆ ಕಂಬಳಿ. ಸದಣ್ಣನಿಗೆ ಹೇಳಿದರೆ ಹಣೆ ಚಚ್ಚಿಕೊಂಡರು. “ಅಯ್ಯೋ ದೇವರೇ! ನಂಗೆ ಈ ಹೂಗಿಡದ್ದು ಎಂತ ಗೊತ್ತುಂಟು ತಂಗಿ?” ನಾನೇ ಅವರನ್ನು ಸಮಾಧಾನ ಮಾಡಿದೆ.

ಆ ಜುಲೈನಲ್ಲಿ ಲಸಿಕೆ ಹಾಕಿಸಿಕೊಂಡ ಮೌರೀನ್ ಬಂದಳು. ಪೊದೆಯ ಮುಂದೆ ಬಹಳ ಹೊತ್ತು ನಿಂತಳು. ನಾನು ಕ್ಷಮೆ ಕೇಳಿದೆ. ಮುಂದಿನ ವರ್ಷ ಬರುತ್ತದೆ ಎಂದೆ. “ಗ್ರ್ಯಾಂಡ್, ಗ್ರ್ಯಾಂಡ್” ಎಂದಳು. ಈ ದೇಶದಲ್ಲಿ ಒಂದು ಸಲ ಗ್ರ್ಯಾಂಡ್ ಎಂದರೆ ಎಲ್ಲ ಸರಿ, ಎರಡು ಸಲ ಎಂದರೆ ಏನೂ ಸರಿಯಿಲ್ಲ ಎಂದು ಅರ್ಥ. ಹೋಗುವಾಗ ಸದಣ್ಣ ಅವಳನ್ನು ಚಹಾಕ್ಕೆ ಕರೆದರು. ಒಳ್ಳೆಯದೇ ಆಯಿತು, ನಮ್ಮ ಪರವಾಗಿ ಒಂದು ಮಾತು ಹೇಳುತ್ತಾರೆ ಎಂದುಕೊಂಡೆ.

ಮುಂದಿನ ತಿಂಗಳು ಮೌರೀನ್ ಫೋನ್ ಮಾಡಿದಳು. ಮನೆಯನ್ನು ಸದಣ್ಣನ ಹೆಂಡತಿಯ ತಮ್ಮನಿಗೆ ಕೊಡುತ್ತಿದ್ದಾಳೆ. ಅವನು ಡಬ್ಲಿನ್ನಿನ ಸ್ಯಾಂಟ್ರಿಯ ಅಪಾರ್ಟ್‌ಮೆಂಟಿನಲ್ಲಿದ್ದ. ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದೆಂದಾದ ಮೇಲೆ ಅಕ್ಕನ ಪಕ್ಕದಲ್ಲೇ ಇರುವ ಆಸೆಯಂತೆ. “ನಿಮ್ಮ ಮೇಲೆ ಬೇಸರವಿಲ್ಲ. ಆದರೆ ನಿಮಗೆ ತರಕಾರಿ ಮೇಲಿರುವ ಪ್ರೀತಿ ಹೂವಿನ ಮೇಲಿಲ್ಲ ಅಂತ ನಂದ ಹೇಳಿದ. ಅಮ್ಮನ ಗಿಡವನ್ನು ತಾನೇ ನಿಂತು ನೋಡಿಕೊಳ್ಳುತ್ತೇನೆ ಅಂದ” ಎಂದಳು. ನಂದ ಎಂದರೆ ನಮ್ಮ ಸದಣ್ಣನೇ.

ನನ್ನ ಗಂಡ ಕೆರಳಿಹೋದರು. “ಬೇಕಂತಲೇ ಕತ್ತರಿಸೋಕೆ ಹೇಳಿದಾನೆ ಕಣೇ!” ನಾನು ಒಪ್ಪಲಿಲ್ಲ. ಮನೆಗೆ ಆಸೆ ಬಿದ್ದದ್ದು ನಿಜ, ನಮ್ಮ ಬೆನ್ನ ಹಿಂದೆ ಮಾತಾಡಿದ್ದೂ ನಿಜ. ಆದರೆ ಗಿಡದ ವಿಷಯದಲ್ಲಿ ಅವರು ಸುಳ್ಳು ಹೇಳಿರಲಾರರು, ಅದು ಅವರ ತಿಳಿಗೇಡಿತನವೇ ಇರಬೇಕು ಎಂದು ವಾದಿಸಿದೆ. ಬಸಳೆಗೆ ಬೆಡ್‌ಶೀಟ್ ಹೊದಿಸುವ ಮನುಷ್ಯನಲ್ಲವೇ? ಅಷ್ಟನ್ನಾದರೂ ನನಗೆ ಉಳಿಸಿಕೊಳ್ಳಬೇಕಿತ್ತು.

ನವೆಂಬರಿನಲ್ಲಿ ಮನೆ ಖಾಲಿ ಮಾಡಿದೆವು. ನಗರದ ಆಚೆ ತುದಿಯಲ್ಲಿ ಮೂರನೇ ಮಹಡಿಯ ಫ್ಲಾಟ್ ಸಿಕ್ಕಿತ್ತು. ಕೊನೆಯ ಬೆಳಿಗ್ಗೆ ವ್ಯಾನಿಗೆ ಸಾಮಾನು ಏರಿಸುವಾಗ, ಗಾಳಿಗೆ ಮುರಿದು ಜೋತಾಡುತ್ತಿದ್ದ ಹೈಡ್ರೇಂಜಿಯಾದ ಒಂದು ಕಡ್ಡಿ ದಾರಿಗೆ ಅಡ್ಡವಾಗುತ್ತಿತ್ತು. ಅದೊಂದನ್ನು ತೆಗೆಯೋಣವೆಂದು ಕತ್ತರಿ ಹಿಡಿದು ಬಗ್ಗಿದೆ. ಆ ವರ್ಷ ನಾನು ಮುಟ್ಟದೆ ಬಿಟ್ಟಿದ್ದ ಗಿಡ. ಪ್ರತಿ ಕಡ್ಡಿಯ ತುದಿಯಲ್ಲೂ ದಪ್ಪ ಹಸಿರು ಮೊಗ್ಗು.

“ಏ ತಂಗೀ! ಬೇಡ, ಬೇಡ!”

ಸದಣ್ಣ ತಮ್ಮ ಬಾಗಿಲಿನಿಂದ ಬರಿಗಾಲಲ್ಲಿ ಓಡಿಬರುತ್ತಿದ್ದರು. ಕೈಯಲ್ಲಿ ಒದ್ದೆ ಕಾಗದ ಸುತ್ತಿದ ಬಸಳೆ ದಂಟು.

“ಕತ್ತರಿಸ್ಬೇಡ ಮಾರಾಯ್ತಿ! ಹೋದ ವರ್ಷದ್ದೇ ಸಾಕು. ಈಗ ಕತ್ತರಿಸಿದ್ರೆ ಹೂ ಬರುದಿಲ್ಲ ಅಂತ ನಂಗೆ ಆಗ್ಲೇ—”

ಅಲ್ಲಿಗೆ ನಿಂತರು. ಮಾತೂ ನಿಂತಿತು, ಕಾಲೂ ನಿಂತಿತು.

“ಹೋದ ವರ್ಷ ಕತ್ತರಿಸು ಅಂದಾಗ್ಲೇ ಗೊತ್ತಿತ್ತಾ ಸದಣ್ಣ?”

ಅವರು ಹೆಬ್ಬೆರಳಿನ ಉಗುರಿನಿಂದ ಆ ಒದ್ದೆ ಕಾಗದವನ್ನು ಕೆರೆಯುತ್ತಾ ನಿಂತರು. ಆಮೇಲೆ ದಂಟನ್ನು ನನ್ನ ಕಡೆ ಚಾಚಿ, ನೆಲ ನೋಡುತ್ತಾ, “ಫ್ಲಾಟಲ್ಲಿ ರೇಡಿಯೇಟರ್ ಹತ್ರ ಇಡು, ಬರ್ತದೆ” ಎಂದರು.

ವ್ಯಾನಿನೊಳಗಿಂದ ಮಗಳು ಕಿಟಕಿ ಇಳಿಸಿ, “ಅಮ್ಮಾ, ಕಮ್ ಆನ್!” ಎಂದು ಕೂಗಿದಳು. ನಾನು ಮುರಿದ ಕಡ್ಡಿಯೊಂದನ್ನೇ ಕತ್ತರಿಸಿ ಬದಿಗಿಟ್ಟೆ. ಉಳಿದ ಮೊಗ್ಗುಗಳನ್ನು ಮುಟ್ಟಲಿಲ್ಲ, ಅವು ಮೌರೀನ್‌ಳ ಅಮ್ಮನವು. ಸದಣ್ಣನ ಕೈ ಇನ್ನೂ ಚಾಚಿಯೇ ಇತ್ತು. “ಬೇಡ ಸದಣ್ಣ” ಎಂದೆ. ಅವರು ಕೊಟ್ಟದ್ದನ್ನು ಬೇಡ ಎಂದು ನಾನು ಹೇಳಿದ್ದು ಅದೇ ಮೊದಲು.