ಮುಚ್ಚಳದ ಮೇಲಿನ ಕುಂಬಳಕಾಯಿ

ನೊಲೀನ್ ಟ್ರಾಂಟರ್‌ಗೆ ಎಪ್ಪತ್ತು ತುಂಬಿತ್ತು. ನಲವತ್ತು ವರ್ಷ ಹಸುವಿನ ಹಾಲು ಕರೆದವಳು, ಮೂರು ಮಕ್ಕಳನ್ನು ದಡ ಸೇರಿಸಿದವಳು. ತನ್ನೂರು ಬುನ್ಯಾರದ ಅಗ್ನಿಶಾಮಕ ದಳಕ್ಕೆ ಅವಳು ಮಾಡಿಕೊಟ್ಟ ಕೇಕುಗಳಿಗೆ ಲೆಕ್ಕವಿಲ್ಲ. ಇಷ್ಟೆಲ್ಲ ಮಾಡಿದವಳಿಗೆ ಒಂದೇ ಕೊರಗು: ಊರಿನ ಕೃಷಿ ಪ್ರದರ್ಶನದಲ್ಲಿ ಅತಿ ಭಾರದ ಕುಂಬಳಕಾಯಿಗೆ ಕೊಡುವ ನೀಲಿ ರಿಬ್ಬನ್. ಕಳೆದ ಎಂಟು ವರ್ಷವೂ ಅವಳಿಗೆ ಎರಡನೇ ಬಹುಮಾನದ ಕೆಂಪು ರಿಬ್ಬನ್ನೇ ಗತಿಯಾಗಿತ್ತು. ನೀಲಿ ಮಾತ್ರ ಎಂಟು ಸಲವೂ ಬೇಲಿಯಾಚೆಯ ವಿಧವೆ ಗ್ವೆಂಡಾಳ ಪಾಲು. ಹೊಟ್ಟೆ ಉರಿಯದೆ ಇರುತ್ತದೆಯೇ?

ಈ ವರ್ಷ ನೊಲೀನ್ ಪಣ ತೊಟ್ಟಿದ್ದಳು. ಹಿತ್ತಲಲ್ಲಿ ಹುಲ್ಲು ಎಲ್ಲಿ ಕಣ್ಣಿಗೆ ರಾಚುವಷ್ಟು ಹಸಿರಾಗಿತ್ತೋ ಅಲ್ಲೇ ಬೀಜ ಊರಿದಳು. ಅಲ್ಲೇ ಏಕೆ ಅಷ್ಟು ಹಸಿರು ಎಂದು ಒಂದು ಕ್ಷಣ ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಮಾರ್ಚ್ ಬರುವಷ್ಟರಲ್ಲಿ ಕಾಯಿ ಮಲಗಿದ ಕರುವಿಗಿಂತ ದಪ್ಪಗಾಗಿ ದಿನಕ್ಕೆ ನಾಲ್ಕು ಕಿಲೋ ಏರತೊಡಗಿತು.

ಪ್ರದರ್ಶನಕ್ಕೆ ಹನ್ನೆರಡು ದಿನ ಇರುವಾಗ ಕಕ್ಕಸು ಗೊಳಗೊಳ ಎಂದಿತು.

"ಸೆಪ್ಟಿಕ್ ಟ್ಯಾಂಕಲ್ಲಿರೋ ಹುಳಗಳಿಗೆ ಹಸಿವಾಗಿದೆ, ಅಷ್ಟೇ," ಎಂದು ಗಂಡ ಮರ್ವ್ ಕಕ್ಕಸಿಗೆ ಎರಡು ಡಬ್ಬ ಮೊಸರು ಸುರಿದ. ಮಾರನೆಯ ಬೆಳಿಗ್ಗೆ ಆ ಮೊಸರು ಸ್ನಾನದ ಮನೆಯ ತೂಬಿನಿಂದ ಎದ್ದು ಬಂತು, ಅದೊಂದೇ ಬರಲಿಲ್ಲ.

ಸೆಪ್ಟಿಕ್ ಟ್ಯಾಂಕ್ ಎಂದರೆ ಸಿಡುಕ ಮಾವನನ್ನು ನೆಲದಡಿ ಇಟ್ಟು ಸಾಕಿದ ಹಾಗೆ. ಬ್ಲೀಚ್ ಆಗದು, ಎಣ್ಣೆ ಆಗದು, ಒಂದೇ ದಿನ ಎರಡು ಸಲ ಬಟ್ಟೆ ಒಗೆದರೆ ಮುನಿಸು. ಲಾರಿ ಕರೆಸಿದರೆ ಹೀರುವುದಕ್ಕೊಂದು ದರ, ಮುಚ್ಚಳ ಅಗೆಯುವುದಕ್ಕೊಂದು, ಕೊಳವೆ ಉದ್ದವಾದರೆ ಇನ್ನೊಂದು, ಮೇಲೆ ಪುರಸಭೆಯ ಕಾಗದಕ್ಕೂ ತೆರಬೇಕು. ನಾಲ್ಕು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕಾದದ್ದನ್ನು ಮರ್ವ್ ಒಂಬತ್ತು ವರ್ಷ ಮುಂದೂಡಿದ್ದ. ಸಾಲದ್ದಕ್ಕೆ, ಚೆಂದ ಕಾಣಲಿ ಎಂದು ಮುಚ್ಚಳದ ಮೇಲೆ ಹುಲ್ಲು ಹಾಸಿ, ಜಾಗವನ್ನೇ ಮರೆತಿದ್ದ.

ಟ್ಯಾಂಕ್ ಖಾಲಿ ಮಾಡುವ ಡಾರ್ಸಿ ಲಾರಿ ತಂದು, ಕಬ್ಬಿಣದ ಸರಳಿನಿಂದ ಹಿತ್ತಲೆಲ್ಲ ಚುಚ್ಚುತ್ತ ಬಂದ. ಕುಂಬಳಕಾಯಿಯ ಪಕ್ಕದಲ್ಲಿ ಸರಳು ಠಣ್ ಎಂದಿತು.

"ಸಿಕ್ತು ನೊಲೀನ್. ಆದ್ರೆ ಸಿಕ್ಕಿದ್ದೇ ತಪ್ಪಾಯ್ತು. ಮುಚ್ಚಳ ಸರಿಯಾಗಿ ಇದರ ಅಡಿಗಿದೆ. ಬಳ್ಳಿ ಕತ್ತರಿಸಿ ಪಕ್ಕಕ್ಕೆ ಸರಿಸೋಣ್ವಾ?"

"ಮುಟ್ಟಿದ್ರೆ ಕೈ ಮುರೀತೀನಿ!"

"ಮುಂದಿನ ಬುಧವಾರ ಒಂದು ದಿನ ಬಿಡುವಿದೆ. ಅದು ಬಿಟ್ರೆ ಪ್ರದರ್ಶನ ಮುಗಿದು ಎರಡು ವಾರ ನಾನು ಸಿಗಲ್ಲ, ನೋಡಿ ಮತ್ತೆ."

ಅವಳು ಕಕ್ಕಸಿಗೆ ಬೀಗ ಹಾಕಿದಳು. ಮರ್ವ್‌ಗೆ ಹಿತ್ತಲಲ್ಲಿ ನಿಂಬೆ ಗಿಡವಿತ್ತು. ಆದರೆ ಎಲ್ಲ ಕೆಲಸವೂ ನಿಂಬೆ ಗಿಡದ ಬುಡದಲ್ಲಿ ಆಗುವಂಥದ್ದಲ್ಲವಲ್ಲ! ಕೊನೆಗೆ ಇಬ್ಬರೂ ಕಂಕುಳಲ್ಲಿ ಟಾಯ್ಲೆಟ್ ರೋಲ್ ಇಟ್ಟುಕೊಂಡು ಗ್ವೆಂಡಾಳ ಬಾಗಿಲು ತಟ್ಟಿದರು.

"ಅಯ್ಯೋ, ಬನ್ನಿ ಬನ್ನಿ!" ಎಂದಳು ಗ್ವೆಂಡಾ. ಅವಳ ಮುಖದಲ್ಲಿ ಹಬ್ಬ. "ಟೀ ಕುಡಿದೇ ಹೋಗ್ಬೇಕು. ಅಂದ ಹಾಗೆ, ಈ ಸಲ ಕಾಯಿ ಹೇಗಿದ್ಯೇ?"

"ಏನೋ ಇದೆ, ಕಾಲ್ಮಣೆಯಷ್ಟು," ಎಂದು ನೊಲೀನ್ ಮುಖ ನೋಡದೆ ಹೇಳಿದಳು.

ಗ್ವೆಂಡಾ ಪ್ರತಿ ಸಲವೂ ದೊಡ್ಡ ಲೋಟದಲ್ಲಿ ಎರಡೆರಡು ಟೀ ಕುಡಿಸಿಯೇ ಕಳಿಸುತ್ತಿದ್ದಳು. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಬೇಲಿ ದಾಟುವ ಪರಿಸ್ಥಿತಿ. ದಿನಕ್ಕೆ ಆರು ಸಲ ಹೋದರು, ಏಳು ಸಲ ಹೋದರು. ಒಬ್ಬಳಿಗಾಗಿ ಕಟ್ಟಿದ ಟ್ಯಾಂಕ್ ಮೂವರ ಟೀ ಎಷ್ಟು ದಿನ ತಡೆದೀತು? ಸೋಮವಾರ ಗ್ವೆಂಡಾಳ ಕಕ್ಕಸೂ ಗೊಳಗೊಳ ಎಂದಿತು.

ನೊಲೀನ್ ಬೇಲಿಯ ಮೇಲಿನಿಂದ ಇಣುಕಿದಳು. "ಕರೆಸು ಡಾರ್ಸೀನ. ನಿನ್ನ ಮುಚ್ಚಳ ಎಲ್ಲಿದೆ?"

ಗ್ವೆಂಡಾ ತನ್ನ ಕುಂಬಳಕಾಯಿಯ ಕಡೆ ನೋಡಿದಳು.

"ಕಳ್ಳಿ! ಎಂಟು ವರ್ಷವೂ ಅಲ್ಲೇ ಬೆಳೆದ್ಯಾ?"

"ಅಲ್ಲಿ ಬೆಳೆಯೋ ಹಾಗೆ ಬೇರೆಲ್ಲೂ ಬೆಳೆಯಲ್ಲ ಕಣೇ," ಎಂದಳು ಗ್ವೆಂಡಾ ಸಣ್ಣ ದನಿಯಲ್ಲಿ.

ಈಗ ಎರಡು ಮನೆಗೂ ಗತಿಯಿಲ್ಲ. ಹನ್ನೊಂದು ಕಿಲೋಮೀಟರ್ ಆಚೆಯ ಪೆಟ್ರೋಲ್ ಬಂಕೇ ದಿಕ್ಕು. ಈಚೆಗಷ್ಟೇ ಮೊಣಕಾಲಿಗೆ ಉಕ್ಕಿನ ಕೀಲು ಹಾಕಿಸಿಕೊಂಡಿದ್ದ ಮರ್ವ್ ಕಾಲು ಎಳೆದುಕೊಂಡು ಕಾರು ಹತ್ತುತ್ತಿದ್ದ. ಮಂಗಳವಾರ ಕೋಳಿಗಳ ತೊಟ್ಟಿಯಲ್ಲಿ ನೊಲೀನ್‌ಗೆ ಸಾಸೇಜು, ಮೊಟ್ಟೆ, ಎರಡು ದಿನದ ಅವನ ಊಟವೆಲ್ಲ ಸಿಕ್ಕಿತು.

"ಯಾಕೋ ಉಪವಾಸ ಬಿದ್ದಿದ್ದೀಯ?"

"ತಿಂದ್ರೆ ಹೋಗ್ಬೇಕಾಗತ್ತಲ್ಲ," ಎಂದ ಮರ್ವ್. "ಶನಿವಾರ ಪ್ರದರ್ಶನ ಮುಗಿಯೋ ತನಕ ತಡ್ಕೋತೀನಿ, ಆಮೇಲಿಂದು ಆಮೇಲೆ. ನಿನ್ನ ಕಾಯಿ ಬೆಳೀಲಿ."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. "ದಡ್ಡ ಮುಂಡೇದೇ!" ಎಂದು ಬೈದು ಡಾರ್ಸಿಗೆ ಫೋನ್ ಮಾಡಿದಳು.

ಬುಧವಾರ ಲಾರಿ ನಿಂತಿತು. ಒಪ್ಪಂದವೇನೆಂದರೆ ಡಾರ್ಸಿ ಮೂರು ಎಣಿಸಬೇಕು, ಯಾರಿಗೂ ಹೆಚ್ಚು ಲಾಭವಾಗದಂತೆ ನೊಲೀನ್, ಗ್ವೆಂಡಾ ಇಬ್ಬರೂ ಒಟ್ಟಿಗೆ ಬಳ್ಳಿ ಕತ್ತರಿಸಬೇಕು. ಬೇಲಿಯ ಆಚೆಗೊಬ್ಬಳು ಈಚೆಗೊಬ್ಬಳು, ಕೈಯಲ್ಲಿ ಚಾಕು ಹಿಡಿದು ಬಗ್ಗಿದರು. ಒಂದು ಎಂದ, ಎರಡು ಎಂದ, ಮೂರು ಎಂದ. ನೊಲೀನ್ ಕತ್ತರಿಸಿದಳು.

ಗ್ವೆಂಡಾ ಚಾಕು ಹಿಡಿದೇ ನಿಂತಿದ್ದಳು. "ಕೈ ಬರ್ತಿಲ್ಲ ಕಣೇ," ಎಂದಳು. ನೊಲೀನ್ ಮುಖ ತಿರುಗಿಸಿದಳು; ಡಾರ್ಸಿ ಅವಳ ಕಾಯಿ ಸರಿಸಿ, ಅವಳ ಟ್ಯಾಂಕ್ ಒಂದನ್ನೇ ಖಾಲಿ ಮಾಡಿ ಹೋದ.

ಅವತ್ತು ಸಂಜೆ ಬಾಗಿಲು ಬಡಿದ ಸದ್ದಾಯಿತು. ಕಂಕುಳಲ್ಲಿ ರೋಲ್ ಇಟ್ಟುಕೊಂಡು ಗ್ವೆಂಡಾ ನಿಂತಿದ್ದಳು. ನೊಲೀನ್ ಅವಳನ್ನು ಒಂದು ನಿಮಿಷ ಪೂರ್ತಿ ದಿಟ್ಟಿಸಿ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಮೇಲೆ ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಲೋಟದಲ್ಲಿ ಟೀ ಕೊಟ್ಟಳು, ಎರಡು ಸಲ.

ಶನಿವಾರ ತಕ್ಕಡಿಯಲ್ಲಿ ಗ್ವೆಂಡಾಳ ಕಾಯಿ ಇನ್ನೂರ ಹದಿನಾಲ್ಕು ಕಿಲೋ ತೂಗಿತು, ನೊಲೀನಳದು ಇನ್ನೂರ ಒಂಬತ್ತು. ದಿನಕ್ಕೆ ನಾಲ್ಕು ಕಿಲೋದಂತೆ ಇನ್ನೂ ಮೂರು ದಿನ ಬಳ್ಳಿಯಲ್ಲೇ ಬಿಟ್ಟಿದ್ದರೆ ಎಷ್ಟಾಗುತ್ತಿತ್ತೆಂದು ಮರ್ವ್ ಮನಸ್ಸಿನಲ್ಲೇ ಕೂಡಿಸಿದ. ಒಂಬತ್ತನೇ ಕೆಂಪು ರಿಬ್ಬನ್ ನೊಲೀನಳ ಕೋಟಿನ ಜೇಬು ಸೇರಿತು.

ಪ್ರದರ್ಶನ ಮುಗಿದ ಕೂಡಲೇ ಗ್ವೆಂಡಾ ನೊಲೀನಳ ಮನೆಗೆ ಓಡೋಡಿ ಬಂದು, ಕಕ್ಕಸಿಗೆ ಹೋಗಿ ತುಂಬ ಹೊತ್ತು ಕೂತಳು. ಹೊರಟವಳು ಟೀಗೂ ನಿಲ್ಲಲಿಲ್ಲ. ನೊಲೀನ್ ಹೋಗಿ ನೋಡಿದರೆ ಕಕ್ಕಸಿನ ಬಾಗಿಲ ಹಿಂದೆ, ಟವೆಲಿನ ಮೊಳೆಗೆ ನೀಲಿ ರಿಬ್ಬನ್ ನೇತಾಡುತ್ತಿತ್ತು.

"ಮರೆತು ಹೋದ್ಳೇನೋ. ಕೊಟ್ಟು ಬರ್ಲಾ?" ಎಂದ ಮರ್ವ್.

"ಮೊದ್ಲು ಊಟ ಮಾಡು ನೀನು," ಎಂದಳು ನೊಲೀನ್, ಕಣ್ಣೊರೆಸಿಕೊಳ್ಳುತ್ತ. ರಿಬ್ಬನ್ನನ್ನು ಅವಳು ಮೊಳೆಯಿಂದ ತೆಗೆಯಲಿಲ್ಲ.